ಒಂದೇ ಪೆಟ್ಟಿಗೆಯಲ್ಲಿ ಎರಡು ರಾಣಿ: ಇಡಬಹುದಾ, ಇಡಬೇಕಾ?

ಪ್ರಶ್ನೆ: ಸುಳ್ಯದ ಹತ್ತಿರ ನಮ್ಮದು ಸಣ್ಣ ತೋಟ. ಸುತ್ತ ರಬ್ಬರ್ ಇದೆ. ಹದಿನಾಲ್ಕು ಪೆಟ್ಟಿಗೆಯಲ್ಲಿ ತುಡುವೆ, ಅಂದರೆ ನಮ್ಮ ನಾಡಿನ ಜೇನು, ಇಟ್ಟಿದ್ದೇನೆ. ಹೋದ ವಾರ ಒಂದು ಪೆಟ್ಟಿಗೆ ಬಿಚ್ಚಿದಾಗ ಒಂದೇ ಎರಿಯ (ಮೇಣದ ತಟ್ಟೆಯ) ಮೇಲೆ ಎರಡು ರಾಣಿ ಕಂಡವು. ಜಗಳವೇ ಇಲ್ಲ. ಒಂದನ್ನು ತೆಗೆಯಬೇಕಾ? ಇನ್ನೊಂದು ವಿಷಯ. ಹೊರದೇಶದವರು ಒಂದೇ ಗೂಡಿನಲ್ಲಿ ಎರಡು ರಾಣಿ ಇಟ್ಟು ಜಾಸ್ತಿ ಜೇನು ತೆಗೆಯುವ ವಿಡಿಯೊ ನೋಡಿದೆ. ರಬ್ಬರ್ ಸೀಸನ್ನಿಗೆ ನಾನೂ ಹಾಗೆ ಮಾಡಬಹುದಾ?

ಉತ್ತರ: ಮೊದಲು ನಿಮ್ಮ ಪೆಟ್ಟಿಗೆಯ ವಿಷಯ. ಯಾವ ರಾಣಿಯನ್ನೂ ತೆಗೆಯಬೇಡಿ. ನೀವು ನೋಡಿದ್ದು ತಾಯಿ ಮತ್ತು ಮಗಳು ಆಗಿರುವ ಸಾಧ್ಯತೆಯೇ ಹೆಚ್ಚು.

ರಾಣಿಗೆ ವಯಸ್ಸಾಗಿ ಮೊಟ್ಟೆ ಕಡಿಮೆಯಾದಾಗ ಕೆಲಸಗಾರ ನೊಣಗಳಿಗೆ ಅದು ಗೊತ್ತಾಗುತ್ತದೆ. ರಾಣಿಯ ಮೈಯಿಂದ ಬರುವ ವಾಸನೆ ತೆಳುವಾಗುತ್ತಾ ಬರುತ್ತದಲ್ಲ, ಅದರಿಂದ. ಆಗ ಅವು ಒಂದೋ ಎರಡೋ ರಾಣಿ ಕೋಶ ಕಟ್ಟಿ ಹೊಸ ರಾಣಿ ಎಬ್ಬಿಸುತ್ತವೆ. ಮಗಳು ಹೊರಬಂದು, ಗಂಡು ನೊಣಗಳ ಜೊತೆ ಕೂಡಿ, ಮೊಟ್ಟೆ ಇಡಲು ಶುರು ಮಾಡುತ್ತಾಳೆ. ಹೆಚ್ಚಿನ ಸಲ ತಾಯಿ ಅಷ್ಟರಲ್ಲಿ ಇಲ್ಲವಾಗಿರುತ್ತಾಳೆ. ಆದರೆ ಕೆಲವು ಕುಟುಂಬಗಳಲ್ಲಿ ಇಬ್ಬರೂ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ, ಒಂದೇ ಎರಿಯ ಮೇಲೆ ಮೊಟ್ಟೆ ಇಡುತ್ತಾ ಇರುತ್ತಾರೆ. ಜನ ಅಂದುಕೊಂಡಷ್ಟು ಅಪರೂಪವೂ ಅಲ್ಲ. ಒಂದು ರಾಣಿ ಕಂಡ ಕೂಡಲೇ ನಾವು ಚೌಕಟ್ಟು ವಾಪಸ್ ಇಡುತ್ತೇವೆ, ಇನ್ನೊಂದನ್ನು ಹುಡುಕುವುದೇ ಇಲ್ಲ. ಹಾಗಾಗಿ ಕಾಣುವುದಿಲ್ಲ, ಅಷ್ಟೆ.

ಈ ಕೆಲಸವನ್ನು ನೊಣಗಳೇ ಮುಗಿಸಿಕೊಳ್ಳುತ್ತವೆ. ನೀವು ಕೈ ಹಾಕಿದರೆ ಗಡಿಬಿಡಿಯಲ್ಲಿ ಒಳ್ಳೆಯ ರಾಣಿಯನ್ನೇ ಹೊಸಕುವ ಅಪಾಯವಿದೆ. ಪೆಟ್ಟಿಗೆಗೆ ಒಂದು ಗುರುತು ಹಾಕಿ ಬಿಟ್ಟುಬಿಡಿ. ಪಾಲಾಗಿ, ಅಂದರೆ ಕುಟುಂಬ ಎರಡಾಗಿ ಒಂದು ಭಾಗ ಗೂಡು ಬಿಟ್ಟು, ಓಡುವ ಬದಲು ಮನೆಯೊಳಗೇ ರಾಣಿ ಬದಲಿಸಿಕೊಳ್ಳುವ ಕುಟುಂಬ ಸಾಕುವವರಿಗೆ ಬಹಳ ಬೆಲೆಯದ್ದು. ಮುಂದೆ ಪಾಲು ಮಾಡುವಾಗ ಆ ಸಂತತಿಯಿಂದಲೇ ಮಾಡಿ.

ಆದರೂ ಎರಡು ವಿಷಯ ಪರೀಕ್ಷಿಸಿ. ಒಂದು, ಎರಡೂ ರಾಣಿಗಳ ಹೊಟ್ಟೆ ಉದ್ದವಾಗಿ ತುಂಬಿಕೊಂಡಿತ್ತಾ? ಸಣ್ಣ ಹೊಟ್ಟೆಯ, ಚುರುಕಾಗಿ ಓಡಾಡುವ ರಾಣಿಗಳಾಗಿದ್ದು ಹೊಸ ಮೊಟ್ಟೆಯೇ ಕಾಣದಿದ್ದರೆ ಅವು ಇನ್ನೂ ಕೂಡದ ಕನ್ಯಾ ರಾಣಿಗಳು. ಪಾಲಾಗುವ ಹೊತ್ತಿನಲ್ಲಿ ಹೀಗೆ ಎರಡು ಮೂರು ಒಟ್ಟಿಗೆ ಕಾಣುವುದುಂಟು. ಅದು ಹೆಚ್ಚು ಹೊತ್ತು ಉಳಿಯುವುದಿಲ್ಲ. ಎರಡನೆಯದು, ಎರಿಯ ಒಂದೊಂದು ಸಣ್ಣ ಕೋಣೆಯಲ್ಲಿ ಮೂರು ನಾಲ್ಕು ಮೊಟ್ಟೆ, ಅದೂ ಕೋಣೆಯ ಗೋಡೆಗೆ ಅಂಟಿದ ಹಾಗೆ ಇದ್ದರೆ ಅದನ್ನು ಎರಡು ರಾಣಿಯ ಲಕ್ಷಣ ಅಂದುಕೊಳ್ಳಬೇಡಿ. ಅದು ಕೆಲಸಗಾರ ನೊಣಗಳು ಇಟ್ಟ ಮೊಟ್ಟೆ. ತುಡುವೆಯಲ್ಲಿ ರಾಣಿ ಹೋದ ಮೇಲೆ ಇದು ಬಹಳ ಬೇಗ ಶುರುವಾಗುತ್ತದೆ. ಆ ಮೊಟ್ಟೆಗಳಿಂದ ಬರೀ ಗಂಡು ನೊಣ ಬರುತ್ತವೆ. ಮುಚ್ಚಿದ ಕೋಣೆಯ ಟೊಪ್ಪಿಯ ನಡುವೆ ಸೂಜಿ ಚುಚ್ಚಿದಂಥ ತೂತು ಇದ್ದರೆ ಅದು ಗಂಡು ಕೋಣೆ.

ಈಗ ಎರಡನೇ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದ ಹೇಳಬೇಕಾಗುತ್ತದೆ.

ಎರಡು ರಾಣಿಗಳನ್ನು ಸುಮ್ನೆ ಒಂದೇ ಪೆಟ್ಟಿಗೆಗೆ ಬಿಟ್ಟರೆ ಒಂದು ಸಾಯುತ್ತದೆ. ರಾಣಿಯ ಮುಳ್ಳು ಕೆಲಸಗಾರ ನೊಣದ ಮುಳ್ಳಿನ ಹಾಗೆ ಚರ್ಮದಲ್ಲಿ ಸಿಕ್ಕಿಕೊಳ್ಳುವುದಿಲ್ಲ. ನುಣುಪಾಗಿರುತ್ತದೆ, ಮತ್ತೆ ಮತ್ತೆ ಚುಚ್ಚಬಹುದು. ಅದನ್ನು ಅವಳು ಇನ್ನೊಂದು ರಾಣಿಯ ಮೇಲೆ ಬಿಟ್ಟರೆ ಬೇರೆ ಯಾರ ಮೇಲೂ ಬಳಸುವುದು ಕಡಿಮೆ. ರಾಣಿಗಳೇ ಜಗಳ ಆಡದಿದ್ದರೂ ಕೆಲಸಗಾರ ನೊಣಗಳು ಹೊರಗಿನ ರಾಣಿಯನ್ನು ಮುತ್ತಿ ಉಂಡೆ ಕಟ್ಟಿ ಕೊಲ್ಲುತ್ತವೆ. ವಿಡಿಯೊದಲ್ಲಿ ನೀವು ನೋಡಿದ ಗೂಡಿನಲ್ಲಿ ಈ ಎರಡು ರಾಣಿಗಳು ಒಂದನ್ನೊಂದು ಮುಟ್ಟುವ ಹಾಗೇ ಇರುವುದಿಲ್ಲ. ನಡುವೆ ರಾಣಿ ತಡೆಯುವ ಜಾಲರಿ ಇರುತ್ತದೆ. ಅದರ ಸಂದಿಯಲ್ಲಿ ಕೆಲಸಗಾರ ನೊಣ ನುಸುಳುತ್ತದೆ, ದಪ್ಪ ಎದೆಯ ರಾಣಿ ನುಸುಳುವುದಿಲ್ಲ. ಮೇಲೊಂದು ಸಂಸಾರ, ಕೆಳಗೊಂದು ಸಂಸಾರ, ಜೇನು ಕೋಣೆ ಮಾತ್ರ ಎರಡಕ್ಕೂ ಸೇರಿದ್ದು.

ಇದು ಹೊಸ ಉಪಾಯ ಅಲ್ಲ. ಇಂಗ್ಲೆಂಡಿನ ಕೆಂಟ್ ಸೀಮೆಯ ಜಾರ್ಜ್ ವೆಲ್ಸ್ ಅನ್ನುವವರು 1890ರ ದಶಕದಲ್ಲೇ ಒಂದು ಪೆಟ್ಟಿಗೆಗೆ ನಡುವೆ ತೂತು ತೂತಾದ ಹಲಗೆ ಹಾಕಿ, ಎರಡೂ ಬದಿಗೆ ಒಂದೊಂದು ರಾಣಿ ಇಟ್ಟು, ಮೇಲೆ ಒಂದೇ ಜೇನು ಕೋಣೆ ಕೊಡುತ್ತಿದ್ದರು. ತೂತಿನಿಂದ ಎರಡೂ ಕಡೆಯ ವಾಸನೆ ಬೆರೆತು ನೊಣಗಳು ಜಗಳವಿಲ್ಲದೆ ಮೇಲೆ ಸೇರುತ್ತಿದ್ದವು. ಅದನ್ನು ಲೆಕ್ಕಾಚಾರದ ಪದ್ಧತಿಯಾಗಿ ಬೆಳೆಸಿದವರು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಸಿ. ಎಲ್. ಫರ್ರಾರ್. 1930ರ ದಶಕದಿಂದ ಮುಂದೆ ದಶಕಗಳ ಕಾಲ ಅವರು ಇದರ ಮೇಲೆ ಕೆಲಸ ಮಾಡಿದರು.

ಫರ್ರಾರ್ ಕಂಡುಕೊಂಡದ್ದರಲ್ಲಿ ಒಂದು ಮಾತು ಪ್ರತಿಯೊಬ್ಬ ಜೇನು ಸಾಕುವವರಿಗೂ ಗೊತ್ತಿರಬೇಕು. 15,000 ನೊಣಗಳ ನಾಲ್ಕು ಪೆಟ್ಟಿಗೆಗಳು ಸೇರಿ ಕೊಡುವ ಜೇನಿಗಿಂತ 60,000 ನೊಣಗಳ ಒಂದೇ ಪೆಟ್ಟಿಗೆ ಸುಮಾರು ಒಂದೂವರೆ ಪಟ್ಟು ಜಾಸ್ತಿ ಕೊಡುತ್ತದೆ. ಒಟ್ಟು ನೊಣ ಅಷ್ಟೇ ಇದ್ದರೂ! ಯಾಕೆ ಹಾಗೆ? ಸಣ್ಣ ಕುಟುಂಬದಲ್ಲಿ ಹೆಚ್ಚಿನ ನೊಣಗಳು ಮನೆಗೆಲಸಕ್ಕೇ ಬೇಕು. ಮರಿಗೆ ಉಣಿಸಬೇಕು, ಕಾವು ಕೊಡಬೇಕು, ಬಾಗಿಲು ಕಾಯಬೇಕು. ಕುಟುಂಬ ದೊಡ್ಡದಾದ ಹಾಗೆ ಮನೆಗೆಲಸಕ್ಕೆ ಬೇಕಾದ ಪಾಲು ಕಡಿಮೆಯಾಗಿ, ಹೊರಗೆ ಮಕರಂದಕ್ಕೆ ಹೋಗುವವರ ಪಾಲು ಏರುತ್ತದೆ. ಒಬ್ಬ ರಾಣಿ ಎಷ್ಟು ಇಟ್ಟಾಳು? ಮೆಲ್ಲಿಫೆರಾ (ಹೊರದೇಶದಿಂದ ಬಂದ, ತುಡುವೆಗಿಂತ ದೊಡ್ಡ ಜೇನು) ರಾಣಿ ಒಳ್ಳೆಯ ಕಾಲದಲ್ಲಿ ದಿನಕ್ಕೆ 1,500ರಿಂದ 2,000 ಮೊಟ್ಟೆ ಇಡುತ್ತಾಳೆ. ಅದಕ್ಕಿಂತ ದೊಡ್ಡ ಸೈನ್ಯ ಬೇಕು ಅಂದರೆ ಎರಡನೇ ರಾಣಿ ಬೇಕು. ಫರ್ರಾರ್ ಲೆಕ್ಕ ಇದು.

ಆದರೆ ಇದರಿಂದ ಇನ್ನೊಂದು ಅರ್ಥವೂ ಬರುತ್ತದೆ, ಗಮನಿಸಿ. ಜೇನು ಜಾಸ್ತಿ ಆಗುವುದು ರಾಣಿಗಳು ಒಂದೇ ಗೂಡಿನಲ್ಲಿ ಇರುವುದರಿಂದ ಅಲ್ಲ. ಇಬ್ಬರು ರಾಣಿಯರ ಮಕ್ಕಳು ಸೀಸನ್ನಿನ ಹೊತ್ತಿಗೆ ಒಂದೇ ಗೂಡಿಗೆ ದುಡಿಯುವುದರಿಂದ. ರಾಣಿಗಳು ಅಲ್ಲಿಯವರೆಗೆ ಬೇರೆ ಬೇರೆ ಪೆಟ್ಟಿಗೆಯಲ್ಲಿ ಇದ್ದರೂ ನಡೆಯುತ್ತದೆ. ನಿಮಗೆ ನಾನು ಹೇಳುವ ದಾರಿ ಇದರ ಮೇಲೇ ನಿಂತಿದೆ.

ಚೀನಾದಲ್ಲಿ ಮೂರನೇ ಒಂದು ದಾರಿ ಇದೆ. ಅಲ್ಲಿನ ಝೆಜಿಯಾಂಗ್ ವಿಶ್ವವಿದ್ಯಾಲಯದ ಸಂಶೋಧಕರು ಇಟಾಲಿಯನ್ ಜೇನಿನಲ್ಲಿ (ಅದೂ ಮೆಲ್ಲಿಫೆರಾವೇ) ಹಲವು ರಾಣಿಗಳನ್ನು ಜಾಲರಿಯೇ ಇಲ್ಲದೆ ಒಂದೇ ಕೋಣೆಯಲ್ಲಿ ಸಾಕಿ ತೋರಿಸಿದ್ದಾರೆ. ರಾಣಿ ಎದುರಾಳಿಯನ್ನು ದವಡೆಯಿಂದ ಹಿಡಿದುಕೊಂಡು ಚುಚ್ಚುತ್ತಾಳೆ. ಆ ದವಡೆಯ ತುದಿಯನ್ನು ಕತ್ತರಿಸಿದರೆ ಹಿಡಿಯಲು ಆಗುವುದಿಲ್ಲ, ಜಗಳ ನಿಲ್ಲುತ್ತದೆ. ಕೆಲವು ತಿಂಗಳು ಮೊಟ್ಟೆಯಿಟ್ಟ ರಾಣಿಗಳನ್ನು ಆರಿಸಿ, ಎಳೆಯ ನೊಣಗಳ ನಡುವೆ ಬಿಡುತ್ತಾರೆ. ಎಳೆಯ ನೊಣಗಳು ಹೊಸ ರಾಣಿಯನ್ನು ಬೇಗ ಒಪ್ಪುತ್ತವೆ. ಅಲ್ಲಿ ಇದರ ಮುಖ್ಯ ಉಪಯೋಗ ರಾಯಲ್ ಜೆಲ್ಲಿಗೆ, ಅಂದರೆ ನೊಣಗಳು ರಾಣಿ ಮರಿಗೆ ಉಣಿಸುವ ರಸ ತೆಗೆಯುವುದಕ್ಕೆ. ಒಂದೇ ವಯಸ್ಸಿನ ಸಾವಿರಾರು ಮರಿಹುಳು ಒಟ್ಟಿಗೆ ಬೇಕಾದಾಗ ಒಂದೇ ಎರಿಯಲ್ಲಿ ಹಲವು ರಾಣಿಗಳು ಮೊಟ್ಟೆಯಿಟ್ಟರೆ ಕೆಲಸ ಸಲೀಸು. ನಮ್ಮಂಥ ಜೇನು ತೆಗೆಯುವವರಿಗೆ ಇದರ ಅಗತ್ಯ ಇಲ್ಲ. ಒಳ್ಳೆಯ ರಾಣಿಯ ದವಡೆ ಕತ್ತರಿಸಲು ದಯವಿಟ್ಟು ಹೋಗಬೇಡಿ.

ಇನ್ನು ನಡುವೆ ಜಾಲರಿ ಹಾಕಿ ಒಂದರ ಮೇಲೊಂದು ಪೇರಿಸಿದ ಗೋಪುರವನ್ನು ತುಡುವೆಯಲ್ಲಿ ಮಾಡಬಹುದಾ? ನನ್ನ ಅಭಿಪ್ರಾಯ, ಬೇಡ.

ಕಾರಣ ತುಡುವೆಯ ಸ್ವಭಾವದಲ್ಲೇ ಇದೆ. ಮೆಲ್ಲಿಫೆರಾ ಕುಟುಂಬ ದೊಡ್ಡದಾದರೆ, ಜಾಗ ಕೊಟ್ಟಷ್ಟೂ ಜೇನು ತುಂಬುತ್ತದೆ. ತುಡುವೆಗೆ ಬಲ ಬಂದ ಕೂಡಲೇ ಪಾಲಾಗುವ ಯೋಚನೆ. ಜೊತೆಗೆ ಪದೇ ಪದೇ ಪೆಟ್ಟಿಗೆ ಬಿಚ್ಚಿ ಕಿರಿಕಿರಿ ಮಾಡಿದರೆ ಕುಟುಂಬ ಸಮೇತ ಪರಾರಿ. ಎರಡು ರಾಣಿಯ ಗೋಪುರಕ್ಕೆ ಪದೇ ಪದೇ ಬಿಚ್ಚುವುದೇ ಮುಖ್ಯ ಕೆಲಸ. ಕೆಳಗಿನ ಸಂಸಾರ ನೋಡಬೇಕು ಅಂದರೆ ಮೇಲಿನದ್ದೆಲ್ಲ ಇಳಿಸಬೇಕು. ಪೆಟ್ಟಿಗೆಯ ಅಳತೆಯೂ ಅಡ್ಡ ಬರುತ್ತದೆ. ನಮ್ಮ ತುಡುವೆ ಪೆಟ್ಟಿಗೆಯ ಸಂಸಾರ ಕೋಣೆಯಲ್ಲಿ, ಅಂದರೆ ರಾಣಿ ಮೊಟ್ಟೆ ಇಡುವ ಭಾಗದಲ್ಲಿ, ಇರುವುದು ಏಳೆಂಟು ಚೌಕಟ್ಟು. ವೆಲ್ಸ್ ಮಾಡಿದ ಹಾಗೆ ನಡುವೆ ಹಲಗೆ ಹಾಕಿದರೆ ಒಂದೊಂದು ರಾಣಿಗೆ ಮೂರೋ ನಾಲ್ಕೋ ಎರಿ ಸಿಗುತ್ತದೆ. ಅಷ್ಟರಲ್ಲಿ ಯಾವ ರಾಣಿಯೂ ಮೈಬಿಚ್ಚಿ ಮೊಟ್ಟೆ ಇಡುವುದಿಲ್ಲ. ಇನ್ನು ಪೇಟೆಯಲ್ಲಿ ಸಿಗುವ ಜಾಲರಿ ಮೆಲ್ಲಿಫೆರಾ ಅಳತೆಯದ್ದಾಗಿದ್ದರೆ ತುಡುವೆ ರಾಣಿ ಅದರಲ್ಲಿ ನುಸುಳಿಬಿಡಬಹುದು. ಅವಳು ಗಾತ್ರದಲ್ಲಿ ಸಣ್ಣವಳು. ಒಂದೇ ರಾತ್ರಿಯಲ್ಲಿ ನಿಮ್ಮ ಎರಡು ರಾಣಿ ಒಂದಾಗಿರುತ್ತದೆ.

ಹಾಗಾದರೆ ಏನು ಮಾಡುವುದು? ರಬ್ಬರ್ ಸೀಸನ್ನಿನಿಂದ ಹಿಂದಕ್ಕೆ ಎಣಿಸಿಕೊಂಡು ಬರೋಣ.

ರಬ್ಬರ್ ಜೇನು ಹೂವಿನದ್ದಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಎಲೆ ಉದುರಿ ಹೊಸ ಚಿಗುರು ಬಂದಾಗ ಮೂರು ಎಲೆ ಕೂಡುವ ತೊಟ್ಟಿನ ತುದಿಯಲ್ಲಿ ಸಿಹಿ ರಸ ಒಸರುತ್ತದೆ. ನಿಮ್ಮ ಕಡೆ ಜನವರಿಯಿಂದ ಮಾರ್ಚ್ ತನಕ ಅದರ ಕಾಲ. ವರ್ಷದಿಂದ ವರ್ಷಕ್ಕೆ, ತೋಟದಿಂದ ತೋಟಕ್ಕೆ ಹಿಂದೆ ಮುಂದೆ ಆಗುತ್ತದೆ. ತುಡುವೆಯಲ್ಲಿ ಮೊಟ್ಟೆ ಇಟ್ಟ ದಿನದಿಂದ ಕೆಲಸಗಾರ ನೊಣ ಹೊರಬರಲು ಹೆಚ್ಚುಕಡಿಮೆ 20 ದಿನ. ಹೊರಬಂದ ಮೇಲೂ ಎರಡು ಮೂರು ವಾರ ಮನೆಗೆಲಸ. ಆಮೇಲೆ ಹೊರಗಿನ ದುಡಿಮೆ. ಅಂದರೆ ಇವತ್ತು ಇಟ್ಟ ಮೊಟ್ಟೆ ಮಕರಂದ ತರಲು ಐದಾರು ವಾರ ಬೇಕು. ಜನವರಿ ಕೊನೆಗೆ ದುಡಿಯುವ ನೊಣ ಬೇಕಾದರೆ ಡಿಸೆಂಬರ್ ನಡುವಿನಲ್ಲಿ ಮೊಟ್ಟೆ ಬಿದ್ದಿರಬೇಕು. ಫೆಬ್ರುವರಿಯಲ್ಲಿ ಇಟ್ಟ ಮೊಟ್ಟೆಗಳಲ್ಲಿ ಹೆಚ್ಚಿನವು ಜೇನು ತರುವ ಬದಲು ಜೇನು ತಿನ್ನುವ ಬಾಯಿಗಳಾಗುತ್ತವೆ. ಹಾಗಾಗಿ ನಿಮಗೆ ಎರಡು ರಾಣಿ ಬೇಕಾಗಿರುವುದು ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಮಾತ್ರ. ಸೀಸನ್ ಶುರುವಾದ ಮೇಲೆ ಒಂದೇ ಸಾಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ.

ಮಳೆಗಾಲ ಮುಗಿದು ಕುಟುಂಬ ಚೇತರಿಸಿಕೊಂಡು, ಗಂಡು ನೊಣ ಹಾರಾಡಲು ಶುರುವಾದ ಮೇಲೆ, ಅಂದರೆ ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲ ದಿನಗಳಲ್ಲಿ, ಬಲವಾದ ಒಂದು ಕುಟುಂಬ ಆರಿಸಿ. ಅದರಿಂದ ಮೂರು ಎರಿ ತೆಗೆಯಿರಿ. ಎರಡರಲ್ಲಿ ಮುಚ್ಚಿದ ಮರಿ, ಒಂದರಲ್ಲಿ ಜೇನು ಮತ್ತು ಪರಾಗ ಇರಲಿ. ಹಳೆ ರಾಣಿ ಆ ಎರಿಗಳ ಮೇಲೆ ಇಲ್ಲ ಅನ್ನುವುದನ್ನು ಕಣ್ಣಾರೆ ನೋಡಿಕೊಳ್ಳಿ. ನೊಣಗಳ ಸಮೇತ ಅದನ್ನು ಪಕ್ಕದಲ್ಲೇ ಇನ್ನೊಂದು ಪೆಟ್ಟಿಗೆಗೆ ಇಟ್ಟು, ಒಳ್ಳೆಯ ಕುಟುಂಬದಿಂದ ಮಾಗಿದ ರಾಣಿ ಕೋಶ ಕೊಡಿ. ಹಾರಾಟ ಕಲಿತ ನೊಣಗಳು ಹಳೆ ಮನೆಗೇ ವಾಪಸ್ ಹೋಗುತ್ತವೆ. ಅದಕ್ಕೆ ಇನ್ನೊಂದು ಎರಿಯ ಎಳೆ ನೊಣಗಳನ್ನು ಕೊಡವಿ ಹಾಕಬೇಕು. ಬಾಗಿಲು ಸಣ್ಣದು ಮಾಡಿ. ಎರಡು ಪೆಟ್ಟಿಗೆಯ ಬಾಗಿಲಿಗೂ ಬೇರೆ ಬೇರೆ ಬಣ್ಣ ಬಳಿದರೆ ಅಥವಾ ಒಂದನ್ನು ಬೇರೆ ದಿಕ್ಕಿಗೆ ತಿರುಗಿಸಿದರೆ, ಕೂಡಲು ಹೋದ ರಾಣಿ ವಾಪಸ್ ಬರುವಾಗ ಮನೆ ತಪ್ಪುವುದಿಲ್ಲ. ಕೋಶದಿಂದ ಹೊರಬಂದ ಎರಡು ವಾರದ ಒಳಗೆ ಹೊಸ ಮೊಟ್ಟೆ ಕಾಣಬೇಕು. ಕಾಣದಿದ್ದರೆ ತಡಮಾಡದೆ ಇನ್ನೊಂದು ಕೋಶ ಕೊಡಿ, ಇಲ್ಲವೇ ಹಳೆ ಪೆಟ್ಟಿಗೆಗೇ ಸೇರಿಸಿಬಿಡಿ. ರಾಣಿ ಇಲ್ಲದ ಸಣ್ಣ ತುಡುವೆ ಕುಟುಂಬವನ್ನು ಹಾಗೇ ಬಿಟ್ಟರೆ ಮೊದಲೇ ಹೇಳಿದ ಕೆಲಸಗಾರ ಮೊಟ್ಟೆಯ ತೊಂದರೆ ಶುರುವಾಗುತ್ತದೆ. ಮೇಣದ ಹುಳುವಿಗೂ ಅದೇ ಅವಕಾಶ.

ಡಿಸೆಂಬರ್ ಪೂರ್ತಿ ಎರಡೂ ರಾಣಿಗಳು ತಮ್ಮ ತಮ್ಮ ಮನೆಯಲ್ಲಿ ಮೊಟ್ಟೆ ಇಡುತ್ತಾರೆ. ಸುತ್ತ ಹೂವು ಕಡಿಮೆ ಅನ್ನಿಸಿದರೆ ಸಕ್ಕರೆ, ನೀರು ಸಮ ಸಮ ಬೆರೆಸಿದ ಪಾಕ ಸ್ವಲ್ಪ ಸ್ವಲ್ಪವೇ ಕೊಡಿ. ಒಮ್ಮೆಲೇ ಜಾಸ್ತಿ ಕೊಟ್ಟರೆ ಮೊಟ್ಟೆ ಇಡುವ ಕೋಣೆಗಳೆಲ್ಲ ಪಾಕದಿಂದ ತುಂಬುತ್ತವೆ. ಜೇನು ಕೋಣೆ ಇಡುವ ಮೊದಲು ಪಾಕ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಜನರಿಗೆ ಸಕ್ಕರೆ ಮಾರಿದ ಹಾಗೆ. ರಾಣಿ ಕೋಶ ಕಾಣುತ್ತದಾ ಅಂತ ವಾರಕ್ಕೊಮ್ಮೆ ಎರಿಯ ಕೆಳಅಂಚು ನೋಡಿದರೆ ಸಾಕು.

ರಬ್ಬರ್ ಕೊಂಬೆಯಲ್ಲಿ ತಾಮ್ರದ ಬಣ್ಣದ ಚಿಗುರು ಬಿಚ್ಚುವಾಗ ಸೇರಿಸುವ ಹೊತ್ತು. ಹಳೆ ರಾಣಿಯನ್ನು ಎರಡು ಎರಿಯ ಜೊತೆ ಸಣ್ಣ ಪೆಟ್ಟಿಗೆಗೆ ಬೇರೆ ಮಾಡಿ. ಕೊಲ್ಲಬೇಕಾಗಿಲ್ಲ. ಸೀಸನ್ನಿನ ನಡುವೆ ಯಾವುದಾದರೂ ಪೆಟ್ಟಿಗೆಯ ರಾಣಿ ಹೋದರೆ ಅವಳು ಬೇಕಾಗುತ್ತಾಳೆ. ಸಂಜೆ ನೊಣಗಳೆಲ್ಲ ಮನೆ ಸೇರಿದ ಮೇಲೆ, ಹೊಸ ರಾಣಿ ಇರುವ ಸಂಸಾರ ಕೋಣೆಯ ಮೇಲೆ ಒಂದು ಹಾಳೆ ಪತ್ರಿಕೆ ಹಾಸಿ. ಸೂಜಿಯಿಂದ ನಾಲ್ಕಾರು ತೂತು ಚುಚ್ಚಿ. ಅದರ ಮೇಲೆ ರಾಣಿ ಇಲ್ಲದ ಸಂಸಾರ ಕೋಣೆ ಇಡಿ. ನೊಣಗಳು ಕಾಗದ ಕಡಿದು ಹಾಕುವಷ್ಟರಲ್ಲಿ ವಾಸನೆ ಬೆರೆತಿರುತ್ತದೆ. ಎರಡು ಪೆಟ್ಟಿಗೆ ಮೊದಲಿನಿಂದ ಅಕ್ಕಪಕ್ಕ ಇದ್ದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಸೇರಿಸಿದ ಪೆಟ್ಟಿಗೆಯನ್ನು ಎರಡೂ ಜಾಗದ ನಡುವೆ ಇಟ್ಟರೆ ನೊಣಗಳು ದಾರಿ ತಪ್ಪುವುದಿಲ್ಲ. ಎರಡು ದಿನ ಬಿಟ್ಟು ಕಾಗದದ ಚೂರು ತೆಗೆದು ಜೇನು ಕೋಣೆ ಇಡಿ. ಸೀಸನ್ನಿಗೆ ಎರಡು ಸಂಸಾರದ ನೊಣ, ಜೊತೆಗೆ ಹೊಸ ರಾಣಿ. ಹೊಸ ರಾಣಿಯ ಕುಟುಂಬ ಪಾಲಾಗುವುದು ಕಡಿಮೆ, ಅದೂ ದೊಡ್ಡ ಲಾಭ.

ಒಂದು ಎಚ್ಚರಿಕೆ. ಸೇರಿಸುವ ಮೊದಲು ಎರಡೂ ಪೆಟ್ಟಿಗೆಯ ಮರಿಗಳನ್ನು ಚೆನ್ನಾಗಿ ನೋಡಿ. ಮರಿಹುಳು ಚೀಲದಂತೆ ನೀರು ತುಂಬಿಕೊಂಡು ತಲೆ ಮೇಲೆತ್ತಿ ಸತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್. 1990ರ ದಶಕದ ಮೊದಲಲ್ಲಿ ಈ ರೋಗ ದಕ್ಷಿಣ ಭಾರತದ ತುಡುವೆ ಸಾಕಣೆಯನ್ನೇ ಮುರಿದು ಹಾಕಿತು. ನಿಮ್ಮ ಊರಿನ ಹಿರಿಯರನ್ನು ಕೇಳಿದರೆ ಖಾಲಿ ಪೆಟ್ಟಿಗೆಗಳ ಆ ಕಾಲದ ಕಥೆ ಹೇಳುತ್ತಾರೆ. ಒಂದು ಎರಿಯಲ್ಲಿ ಸಂಶಯ ಬಂದರೂ ಸೇರಿಸಬೇಡಿ.

ಮೆಲ್ಲಿಫೆರಾ ಇಟ್ಟವರಿಗೂ ಈ ಪ್ರಶ್ನೆ ಇರುತ್ತದೆ. ಅವರಿಗೆ ಗೋಪುರ ಸಾಧ್ಯ, ಆದರೆ ಪೆಟ್ಟಿಗೆ ಎರಡು ತಿಂಗಳು ಒಂದೇ ಜಾಗದಲ್ಲಿ ಕೂರುವುದಾದರೆ ಮಾತ್ರ. ರಾಯಚೂರು, ಕೊಪ್ಪಳದ ಸೂರ್ಯಕಾಂತಿಗೆ ಲಾರಿಯಲ್ಲಿ ಪೆಟ್ಟಿಗೆ ಸಾಗಿಸುವವರು ಐದಾರು ಅಂತಸ್ತಿನ ಗೂಡನ್ನು ಪ್ರತಿ ಸಲ ಬಿಚ್ಚಿ ಕಟ್ಟಲು ಆಗುವುದಿಲ್ಲ. ರಬ್ಬರ್ ತೋಟದಲ್ಲೇ ಬೀಡು ಬಿಡುವವರು ಮಾಡಿ ನೋಡಬಹುದು. ಸೀಸನ್ನಿಗೆ ಎರಡು ತಿಂಗಳು ಮೊದಲು ಹಳೆ ರಾಣಿಯನ್ನು ಕೆಳಗೆ, ಮುಚ್ಚಿದ ಮರಿಗಳಿರುವ ಅರ್ಧವನ್ನು ಮೇಲೆ ಇಟ್ಟು, ನಡುವೆ ಗಟ್ಟಿ ಹಲಗೆ ಹಾಕಿ. ಮೇಲಿನದಕ್ಕೆ ಹಿಂದುಗಡೆ ಬೇರೆ ಬಾಗಿಲು, ಹೊಸ ರಾಣಿ. ಅವಳು ಎರಡು ವಾರ ಚೆನ್ನಾಗಿ ಮೊಟ್ಟೆ ಇಟ್ಟ ಮೇಲೆ ಹಲಗೆ ತೆಗೆದು ಜಾಲರಿ, ಜೇನು ಕೋಣೆ, ಮತ್ತೆ ಜಾಲರಿ ಹೀಗೆ ಜೋಡಿಸಿ. ಸೀಸನ್ ಮುಗಿಯಲು ಒಂದು ತಿಂಗಳಿರುವಾಗ ಜಾಲರಿಗಳನ್ನು ತೆಗೆದು ಒಂದಾಗಿಸಿ. ಒಬ್ಬ ರಾಣಿ ಉಳಿಯುತ್ತಾಳೆ, ಸಾಮಾನ್ಯವಾಗಿ ಎಳೆಯವಳು. ಮೇಲಿನ ಬಾಗಿಲು ಮುಚ್ಚಬೇಡಿ, ಮುಚ್ಚಿದರೆ ಗಂಡು ನೊಣಗಳು ಜಾಲರಿಯಲ್ಲಿ ಸಿಕ್ಕಿ ಸತ್ತು ದಾರಿ ಕಟ್ಟುತ್ತವೆ. ಎರಡು ಸಂಸಾರದ ಮರಿ ಇರುವಲ್ಲಿ, ಮರಿಗಳ ಮೇಲೆ ಬೆಳೆಯುವ ವರೋವಾ ನುಸಿಯೂ ಅಷ್ಟೇ ಜೋರಾಗಿ ಏರುತ್ತದೆ, ಅದರ ಎಣಿಕೆ ಬಿಡಬೇಡಿ. ಮಕರಂದ ನಿಂತ ದಿನ ಈ ದೊಡ್ಡ ಕುಟುಂಬದ ಹಸಿವೂ ದೊಡ್ಡದು. ಎಲ್ಲ ಜೇನನ್ನೂ ಹಿಂಡಿಬಿಟ್ಟರೆ ಕೆಲವೇ ದಿನಗಳಲ್ಲಿ ಉಪವಾಸ ಬೀಳುತ್ತದೆ.

ನಿಮ್ಮ ಹದಿನಾಲ್ಕರಲ್ಲಿ ಈ ವರ್ಷ ನಾಲ್ಕಕ್ಕೆ ಮಾತ್ರ ಜೋಡಿ ಪೆಟ್ಟಿಗೆ ಮಾಡಿ. ಉಳಿದ ಹತ್ತನ್ನು ಎಂದಿನ ಹಾಗೆ ಬಿಡಿ. ಪ್ರತಿ ಪೆಟ್ಟಿಗೆಯ ಜೇನನ್ನು ಬೇರೆ ಬೇರೆ ತೂಗಿ ಬರೆದಿಡಿ. ಹೋಲಿಸುವಾಗ ಒಂದು ಜೋಡಿಯನ್ನು ಎರಡು ಸಾಮಾನ್ಯ ಪೆಟ್ಟಿಗೆಯ ಜೊತೆ ಹೋಲಿಸಿ, ಒಂದರ ಜೊತೆ ಅಲ್ಲ. ಯಾಕೆಂದರೆ ಆ ಎರಡನೇ ರಾಣಿಯನ್ನು ಬೇರೆಯಾಗಿ ಸಾಕಿದ್ದರೆ ಅವಳೂ ಒಂದಷ್ಟು ಜೇನು ಕೊಡುತ್ತಿದ್ದಳಲ್ವಾ? ಆ ಲೆಕ್ಕದಲ್ಲೂ ಜೋಡಿ ಪೆಟ್ಟಿಗೆ ಮುಂದಿದ್ದರೆ ಮುಂದಿನ ನವೆಂಬರಿನಲ್ಲಿ ಸಂಖ್ಯೆ ಏರಿಸಿ.